ಒಂದು ನೆಗೆತ, ಹದಿನಾರು ವರ್ಷ

ಮಲೆನಾಡಿನ ಮಕ್ಕಳ ಕೈಗೆ ಒಂದು ಅಡಿಕೆ ಹಾಳೆ ಸಿಕ್ಕಿ, ಎದುರಿಗೊಂದು ಇಳಿಜಾರು ಕಂಡರೆ ಮುಂದೇನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬ ಹಾಳೆಯ ಮೇಲೆ ಕೂರುತ್ತಾನೆ, ಇನ್ನೊಬ್ಬ ಹಿಂದಿನಿಂದ ನೂಕುತ್ತಾನೆ. ಕೆಳಗೆ ಬಂದು ಮುಟ್ಟುವಷ್ಟರಲ್ಲಿ ಚಡ್ಡಿ ಹರಿದಿರುತ್ತದೆ, ಮೊಣಕೈ ತರಚಿರುತ್ತದೆ. ಆದರೂ ಹಾಳೆಯನ್ನು ಬಗಲಲ್ಲಿ ಇರುಕಿಕೊಂಡು ಮತ್ತೆ ಮೇಲಕ್ಕೆ ಓಡುತ್ತಾರೆ. ಜಾರುವುದರಲ್ಲಿ ಅಂಥದೊಂದು ಸುಖವಿದೆ. ಹಿಮ ಬೀಳುವ ನಾಡಿನ ಮಕ್ಕಳಿಗೂ ಇದೇ ಸುಖ. ವ್ಯತ್ಯಾಸವಿಷ್ಟೇ: ಅಲ್ಲಿ ಹಾಳೆಯ ಬದಲು ಹಲಗೆ, ಕೂತು ಜಾರುವ ಬದಲು ನಿಂತು ಜಾರುವುದು. ಆ ಹಲಗೆಯಾಟ ಈಗ ಒಲಿಂಪಿಕ್ಸ್‌ನಲ್ಲಿ ಪದಕ ಕೊಡುವ ಕ್ರೀಡೆಯಾಗಿದೆ. ಅದರ ಹೆಸರು ಸ್ನೋಬೋರ್ಡಿಂಗ್.

ಈ ಆಟದಲ್ಲಿ ಐದು ಸಲ ವಿಶ್ವ ಚಾಂಪಿಯನ್ ಆದ ಒಬ್ಬ ಹೆಣ್ಣುಮಗಳಿದ್ದಾಳೆ. ಅಮೆರಿಕದ ಲಿಂಡ್ಸೆ ಜೇಕಬೆಲಿಸ್. ಒಲಿಂಪಿಕ್ಸ್‌ನಷ್ಟೇ ಪೈಪೋಟಿಯ ಎಕ್ಸ್ ಗೇಮ್ಸ್‌ನಲ್ಲಿ ಆಕೆ ಗೆದ್ದ ಚಿನ್ನ ಒಂದಲ್ಲ ಎರಡಲ್ಲ, ಹತ್ತು. ಇಷ್ಟೆಲ್ಲ ಗೆದ್ದವಳನ್ನು ಜನ ಆ ಗೆಲುವುಗಳಿಗಾಗಿ ನೆನಪಿಟ್ಟುಕೊಳ್ಳಬೇಕಿತ್ತಲ್ಲವೆ? ಹಾಗಾಗಲಿಲ್ಲ. ಹದಿನಾರು ವರ್ಷ ಕಾಲ ಜಗತ್ತು ಆಕೆಯನ್ನು ನೆನಪಿಟ್ಟುಕೊಂಡದ್ದು ಒಂದೇ ಒಂದು ಸಲ ಬಿದ್ದದ್ದಕ್ಕಾಗಿ. ಅದೂ ಯಾರೋ ತಳ್ಳಿ ಬಿದ್ದದ್ದಲ್ಲ, ಕಾಲು ಸೋತು ಬಿದ್ದದ್ದೂ ಅಲ್ಲ. ಗೆದ್ದೇ ಬಿಟ್ಟೆನೆಂಬ ಸಂತೋಷದಲ್ಲಿ, ಬೇಕಿಲ್ಲದ ಒಂದು ಚಮತ್ಕಾರ ಮಾಡಲು ಹೋಗಿ ಬಿದ್ದದ್ದು.

ಹಲಗೆ ಬಂದ ದಾರಿ

ಈ ಕಥೆ ಅರ್ಥವಾಗಬೇಕಾದರೆ ಮೊದಲು ಹಲಗೆಯ ಕಥೆ ಗೊತ್ತಿರಬೇಕು. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರಿನಲ್ಲಿ ಶೆರ್ಮನ್ ಪಾಪನ್ ಎಂಬ ಎಂಜಿನಿಯರ್, ಮನೆಯಲ್ಲಿ ಗಲಾಟೆ ಮಾಡುತ್ತಿದ್ದ ತನ್ನ ಮಕ್ಕಳಿಗೆ ಏನಾದರೊಂದು ಆಟ ಹೂಡಿಕೊಡಬೇಕೆಂದು ಎರಡು ಸ್ಕೀ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಒಂದಾಗಿ ಬಿಗಿದ. ಮಕ್ಕಳು ಅದರ ಮೇಲೆ ನಿಂತು ಮನೆಯ ಹಿಂದಿನ ದಿಬ್ಬದಿಂದ ಜಾರಿದರು. ಸಮುದ್ರದ ಅಲೆಯ ಮೇಲೆ ಹಲಗೆ ಹತ್ತಿ ಸಾಗುವ ಸರ್ಫಿಂಗ್ ಆಟದ ಹಾಗೆಯೇ ಕಂಡಿತು. ಹಿಮ ಮತ್ತು ಸರ್ಫಿಂಗ್ ಎರಡನ್ನೂ ಸೇರಿಸಿ ಪಾಪನ್‌ನ ಹೆಂಡತಿ ಅದಕ್ಕೆ 'ಸ್ನರ್ಫರ್' ಎಂದು ಹೆಸರಿಟ್ಟಳು. ಅದು ಆಟದ ಸಾಮಾನಾಗಿ ಅಂಗಡಿಗೂ ಬಂತು. ಮುಂದಿನ ತುದಿಗೆ ಒಂದು ಹಗ್ಗ ಕಟ್ಟಿರುತ್ತಿತ್ತು. ಕುದುರೆಯ ಲಗಾಮಿನಂತೆ ಅದನ್ನು ಹಿಡಿದು ನಿಲ್ಲಬೇಕಿತ್ತು.

ಆ ಆಟದ ಹುಚ್ಚು ಹತ್ತಿದವರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ಎಂಬ ಹುಡುಗನೂ ಒಬ್ಬ. ಆತ 1977ರಲ್ಲಿ ವರ್ಮಾಂಟ್ ರಾಜ್ಯಕ್ಕೆ ಹೋಗಿ, ಕಾಲನ್ನು ಹಲಗೆಗೆ ಬಿಗಿಯುವ ಪಟ್ಟಿಗಳನ್ನು ಸೇರಿಸಿ, ಹೊಸ ಬಗೆಯ ಹಲಗೆ ಮಾಡಿ ಮಾರತೊಡಗಿದ. ಆದರೆ ಮಾರಿದ ಹಲಗೆಯನ್ನು ಬಳಸುವುದೆಲ್ಲಿ? ಬೆಟ್ಟಗಳೆಲ್ಲ ಸ್ಕೀ ಆಡುವವರ ಪಾಲಿಗಿದ್ದವು. ಹಲಗೆ ಹೊತ್ತು ಬರುವ ಹುಡುಗರೆಂದರೆ ಶಿಸ್ತಿಲ್ಲದ ಪುಂಡರೆಂದು ಅವರ ಎಣಿಕೆ. ಬಹುತೇಕ ಬೆಟ್ಟಗಳ ಮಾಲೀಕರು ಇವರನ್ನು ಗೇಟಿನ ಹೊರಗೇ ನಿಲ್ಲಿಸಿದರು. ದೊಡ್ಡ ಬೆಟ್ಟಗಳ ಪೈಕಿ ಇವರಿಗೆ ಮೊದಮೊದಲು ಬಾಗಿಲು ತೆರೆದದ್ದು ವರ್ಮಾಂಟ್‌ನ ಸ್ಟ್ರಾಟನ್. ಅದು 1983ರ ಮಾತು.

ಹೊರಗೆ ನಿಂತವರಿಗೆ ತಮ್ಮದೇ ಆದ ಒಂದು ಹಮ್ಮು ಬೆಳೆಯುತ್ತದೆ. ಹಲಗೆಯ ಹುಡುಗರಿಗೂ ಹಾಗೆಯೇ ಆಯಿತು. ಯಾರು ಎಷ್ಟು ಬೇಗ ಕೆಳಗೆ ಬಂದರು ಎಂಬುದು ಅವರಿಗೆ ಮುಖ್ಯವಲ್ಲ, ಹೇಗೆ ಬಂದರು ಎಂಬುದು ಮುಖ್ಯ. ಗಾಳಿಯಲ್ಲಿದ್ದಾಗ ಹಲಗೆಯ ಅಂಚನ್ನು ಕೈಯಿಂದ ಹಿಡಿಯುವುದು, ಮೈ ಬಿಲ್ಲಾಗಿಸುವುದು, ಹಾರಿದವನು ಅರೆಗಳಿಗೆ ಅಲ್ಲೇ ತೂಗಿ ನಿಂತಂತೆ ತೋರುವುದು — ಇವೇ ಅವರ ಪಾಲಿನ ಸೊಬಗು. 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್‌ಗೆ ಸ್ನೋಬೋರ್ಡಿಂಗ್ ಮೊದಲ ಸಲ ಸೇರಿದಾಗ, ಆ ಕಾಲದ ಅತಿ ದೊಡ್ಡ ಆಟಗಾರ ನಾರ್ವೆಯ ತೆರ್ಯೆ ಹೋಕನ್ಸನ್ ಅಲ್ಲಿಗೆ ಹೋಗಲೇ ಇಲ್ಲ. ಒಲಿಂಪಿಕ್ಸ್‌ನ ಕಟ್ಟುಪಾಡು ತಮ್ಮ ಆಟಕ್ಕೆ ಹೊಂದುವುದಿಲ್ಲ ಎಂಬುದು ಆತನ ನಿಲುವು. ಆಟ ಮೊದಲು, ಪದಕ ಆಮೇಲೆ. ಲಿಂಡ್ಸೆ ಬೆಳೆದದ್ದು ಈ ಗಾಳಿಯಲ್ಲಿ ಎಂಬುದನ್ನು ಮರೆಯಬಾರದು.

ಲಿಂಡ್ಸೆ ಹುಟ್ಟಿದ್ದು 1985ರ ಆಗಸ್ಟ್ 19ರಂದು, ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯಲ್ಲಿ. ಬೆನ್ ಎಂಬ ಅಣ್ಣನಿದ್ದ. ಅಣ್ಣ ಮಾಡಿದ್ದನ್ನೆಲ್ಲ ತಾನೂ ಮಾಡಬೇಕೆನ್ನುವ ತಂಗಿಯರು ಎಲ್ಲ ಊರಿನಲ್ಲೂ ಇರುತ್ತಾರೆ. ಇವಳೂ ಅಂಥವಳೇ. ಮುಂದೆ ಓದಿದ್ದು ಸ್ಟ್ರಾಟನ್ ಬೆಟ್ಟದ ಶಾಲೆಯಲ್ಲಿ. ಹಲಗೆಯವರಿಗೆ ಮೊದಲು ಬಾಗಿಲು ತೆರೆದ ಅದೇ ಬೆಟ್ಟ. ಪಾಠದ ಜತೆಗೆ ಹಿಮದ ಆಟಗಳ ತರಬೇತಿಯನ್ನೂ ಕೊಡುವ ಶಾಲೆ ಅದು. ಹುಡುಗಿ ಚಮತ್ಕಾರಗಳ ಸ್ಪರ್ಧೆಯಾದ ಹಾಫ್‌ಪೈಪ್‌ನಲ್ಲೂ ಭಾಗವಹಿಸುತ್ತಿದ್ದಳು, ಓಟದ ಸ್ಪರ್ಧೆಯಾದ ಸ್ನೋಬೋರ್ಡ್ ಕ್ರಾಸ್‌ನಲ್ಲೂ ಭಾಗವಹಿಸುತ್ತಿದ್ದಳು. ಓಟದಲ್ಲಿ ಆಕೆಗೆ ಸಾಟಿಯಿರಲಿಲ್ಲ. 2003, 2004, 2005ರ ಎಕ್ಸ್ ಗೇಮ್ಸ್‌ನಲ್ಲಿ ಸಾಲಾಗಿ ಮೂರು ಚಿನ್ನ. 2005ರಲ್ಲೇ ವಿಶ್ವ ಚಾಂಪಿಯನ್ ಪಟ್ಟ. ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ಜಾರುವ ವಿಜ್ಞಾನ

ಸ್ನೋಬೋರ್ಡ್ ಕ್ರಾಸ್ ಎಂಬುದು ನೋಡುವವರಿಗೆ ಸುಲಭ, ಆಡುವವರಿಗೆ ಕಷ್ಟ. ಬೆಟ್ಟದ ಇಳಿಜಾರಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೂ ಹಿಮವನ್ನು ಕಡಿದು ದಾರಿ ಮಾಡಿರುತ್ತಾರೆ. ಅದರಲ್ಲಿ ತಿರುವುಗಳು, ಸಾಲು ದಿಬ್ಬಗಳು, ದೊಡ್ಡ ನೆಗೆತಗಳು. ನಾಲ್ವರು, ಕೆಲವು ವರ್ಷ ಆರು ಜನ, ಒಟ್ಟಿಗೇ ಹೊರಡುತ್ತಾರೆ. ಅಂಕ ಕೊಡುವ ತೀರ್ಪುಗಾರರಿಲ್ಲ, ಸೊಬಗಿಗೆ ಬೆಲೆಯಿಲ್ಲ. ಮೊದಲು ಗೆರೆ ದಾಟಿದವರು ಗೆದ್ದರು. ಸುಮಾರು ಒಂದೂಕಾಲು, ಒಂದೂವರೆ ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ.

ಹಲಗೆಯ ಒಡಲು ಮರದ್ದು, ಅಂಚಿಗೆ ಉಕ್ಕಿನ ಪಟ್ಟಿ, ಅಡಿಭಾಗಕ್ಕೆ ಮೇಣ ತಿಕ್ಕಿದ ಪ್ಲಾಸ್ಟಿಕ್. ಹಲಗೆ ಜಾರುವಾಗ ಉಜ್ಜಾಟದಿಂದ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ಹಿಮದ ಮೇಲ್ಪದರ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕರಗಿ ಹಲಗೆಯಡಿ ಎಣ್ಣೆಯಂತೆ ಕೆಲಸ ಮಾಡುತ್ತದೆ. ತಿರುಗಬೇಕಾದಾಗ ಹಲಗೆಯನ್ನು ವಾಲಿಸಿ ಉಕ್ಕಿನ ಅಂಚನ್ನು ಹಿಮಕ್ಕೆ ಊರುತ್ತಾರೆ. ಕಾಲ್ಬೆರಳ ಕಡೆಯ ಅಂಚೊಂದು, ಹಿಮ್ಮಡಿಯ ಕಡೆಯ ಅಂಚೊಂದು. ಇವೆರಡೇ ಆಟಗಾರನ ಚುಕ್ಕಾಣಿ, ಇವೆರಡೇ ಬ್ರೇಕು. ಬೇಕಾದಾಗ ಊರಿದರೆ ಕಾಪಾಡುತ್ತದೆ, ಬೇಡದಾಗ ಊರಿತೋ ಕೆಡವುತ್ತದೆ.

ಸಾಲು ದಿಬ್ಬಗಳ ಮೇಲೆ ವೇಗ ಹೆಚ್ಚಿಸಿಕೊಳ್ಳುವ ಉಪಾಯ ಉಯ್ಯಾಲೆ ಜೀಕಿದವರಿಗೆಲ್ಲ ಗೊತ್ತು. ಉಯ್ಯಾಲೆಯ ಮೇಲೆ ಸರಿಯಾದ ಗಳಿಗೆಗೆ ಮೊಣಕಾಲು ಮಡಿಸಿ, ಸರಿಯಾದ ಗಳಿಗೆಗೆ ಚಾಚಿದರೆ ಅದು ಮೇಲೆ ಮೇಲೆ ಹೋಗುತ್ತದೆ. ಇಲ್ಲಿಯೂ ದಿಬ್ಬ ಏರುವಾಗ ಕಾಲು ಮಡಿಸುತ್ತಾರೆ, ಇಳಿಯುವಾಗ ಚಾಚಿ ಒತ್ತುತ್ತಾರೆ. ಇನ್ನು ನೆಗೆತದ ಮಾತು. ಒಮ್ಮೆ ನೆಲ ಬಿಟ್ಟ ಮೇಲೆ ಮನುಷ್ಯನೂ ಒಂದೇ, ಎಸೆದ ಕಲ್ಲೂ ಒಂದೇ. ದೇಹದ ಗುರುತ್ವ ಕೇಂದ್ರ ಸಾಗುವ ಬಾಗಿದ ದಾರಿಯನ್ನು ಯಾರೂ ಬದಲಿಸಲಾರರು. ಬದಲಿಸಬಹುದಾದದ್ದು ಮೈಯ ಭಂಗಿಯನ್ನು ಮಾತ್ರ. ಬೆಟ್ಟದ ಇಳಿಜಾರನ್ನು ಒತ್ತಿ ವೇಗ ಗಳಿಸುವ ಅವಕಾಶವೂ ಗಾಳಿಯಲ್ಲಿ ಇಲ್ಲ. ಆದ್ದರಿಂದ ಓಟದಲ್ಲಿ ಜಾಣನಾದವನು ಎತ್ತರಕ್ಕೆ ಹಾರುವುದಿಲ್ಲ. ಮೈ ಮುದುರಿಕೊಂಡು, ತಗ್ಗಾಗಿ ದಾಟಿ, ಆದಷ್ಟು ಬೇಗ ನೆಲ ಮುಟ್ಟುತ್ತಾನೆ. ಹಾಫ್‌ಪೈಪ್‌ನಲ್ಲಿ ಯಾವುದು ಗುಣವೋ ಅದು ಇಲ್ಲಿ ದೋಷ.

ಮೂರು ಸೆಕೆಂಡಿನ ಮುನ್ನಡೆ

2006ರ ಟೂರಿನ್ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಕ್ರಾಸ್ ಮೊದಲ ಸಲ ಸೇರಿತು. ಫೆಬ್ರುವರಿ 17ರಂದು ಇಟಲಿಯ ಬಾರ್ಡೊನೇಕಿಯಾದಲ್ಲಿ ಮಹಿಳೆಯರ ಫೈನಲ್. ಕಣದಲ್ಲಿ ನಾಲ್ವರು: ಅಮೆರಿಕದ ಲಿಂಡ್ಸೆ, ಸ್ವಿಟ್ಜರ್ಲೆಂಡ್‌ನ ತಾನ್ಯಾ ಫ್ರೀಡನ್, ಕೆನಡಾದ ಡೊಮಿನಿಕ್ ಮಾಲ್ಟೇ ಮತ್ತು ಮಾಯೆಲ್ ರಿಕರ್. ಮೇಲ್ಭಾಗದಲ್ಲೇ ರಿಕರ್ ಜೋರಾಗಿ ಬಿದ್ದು ತಲೆಗೆ ಪೆಟ್ಟಾಗಿ ಓಟದಿಂದ ಹೊರಬಿದ್ದಳು. ಮಾಲ್ಟೇ ಕೂಡ ದಾರಿ ತಪ್ಪಿ ಬಿದ್ದಳು. ಉಳಿದದ್ದು ಇಬ್ಬರು. ಅವರಲ್ಲೂ ಲಿಂಡ್ಸೆ ಬಹಳ ಮುಂದೆ.

ಎಷ್ಟು ಮುಂದೆ? ಕೊನೆಯ ನೆಗೆತಗಳ ಹತ್ತಿರ ಬಂದಾಗ ಸುಮಾರು ಮೂರು ಸೆಕೆಂಡು. ದೂರದಲ್ಲಿ ಹೇಳುವುದಾದರೆ ಸುಮಾರು 43 ಮೀಟರ್. ಭಾಗಿಸಿ ನೋಡಿದರೆ ಗಂಟೆಗೆ 50 ಕಿಲೋಮೀಟರಿಗೂ ಮೇಲಿನ ವೇಗ ಬರುತ್ತದೆ. ಹಿಂದಿನವಳು ಎಷ್ಟೇ ಪ್ರಯತ್ನಿಸಿದರೂ ಉಳಿದ ಸ್ವಲ್ಪ ದಾರಿಯಲ್ಲಿ ಅಷ್ಟು ದೂರವನ್ನು ತುಂಬಿಕೊಳ್ಳುವುದು ಸಾಧ್ಯವಿರಲಿಲ್ಲ. ಬಿದ್ದರೆ ಮಾತ್ರ ಸೋಲು. ಬೀಳಲು ಕಾರಣವೂ ಇರಲಿಲ್ಲ.

ಕೊನೆಯದಕ್ಕೆ ಒಂದು ಹಿಂದಿನ ನೆಗೆತ. ಗಾಳಿಗೆ ಏರಿದ ಲಿಂಡ್ಸೆ ಕೈ ಚಾಚಿ ಹಲಗೆಯ ಹಿಮ್ಮಡಿ ಅಂಚನ್ನು ಹಿಡಿದಳು. ಹಲಗೆಯ ಹುಡುಗರು ಇದನ್ನು 'ಮೆಥಡ್' ಎನ್ನುತ್ತಾರೆ. ಅವರ ಪಾಲಿಗೆ ಹಳೆಯ, ಪ್ರೀತಿಯ ಭಂಗಿ. ಹಾಗೆ ಹಿಡಿದಾಗ ಮೊಣಕಾಲು ಮಡಿಯುತ್ತದೆ, ಹೆಗಲು ತಿರುಗುತ್ತದೆ, ಹಲಗೆ ಬೆನ್ನ ಹಿಂದಕ್ಕೆ ಎಳೆದುಕೊಂಡು ಬರುತ್ತದೆ. ನೆಲ ಮುಟ್ಟುವ ಮೊದಲು ಕೈ ಬಿಟ್ಟು, ಹಲಗೆಯನ್ನು ಸಾಗುವ ದಿಕ್ಕಿಗೆ ನೇರ ಮಾಡಿಕೊಳ್ಳಬೇಕು. ಆಕೆ ಸಾವಿರ ಸಲ ಮಾಡಿದ ಕೆಲಸವದು. ಆ ಹೊತ್ತು ಆಗಲಿಲ್ಲ. ಹಲಗೆ ತುಸು ಓರೆಯಾಗಿ, ಹಿಮ್ಮಡಿ ಅಂಚಿನ ಮೇಲೆ ಇಳಿಯಿತು. ಅಂಚು ಹಿಮವನ್ನು ಕಚ್ಚಿತು. ಕಾಲು ನಿಂತಿತು, ಮೈ ನಿಲ್ಲಲಿಲ್ಲ. ಬಸ್ಸಿನ ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುವುದೂ ಇದೇ ಜಡತ್ವದಿಂದ. ಲಿಂಡ್ಸೆ ಹಿಮದಲ್ಲಿ ಹೊರಳಿದಳು.

ಎದ್ದು ಮತ್ತೆ ಹೊರಡುವಷ್ಟರಲ್ಲಿ ಪಕ್ಕದಲ್ಲೇ ಫ್ರೀಡನ್ ದಾಟಿ ಹೋದಳು. ಚಿನ್ನ ಸ್ವಿಟ್ಜರ್ಲೆಂಡ್‌ಗೆ, ಬೆಳ್ಳಿ ಲಿಂಡ್ಸೆಗೆ. ಬಿದ್ದೆದ್ದು ಬಂದ ಮಾಲ್ಟೇಗೆ ಕಂಚು.

ಇಪ್ಪತ್ತು ವರ್ಷದ ಹುಡುಗಿ ಒಲಿಂಪಿಕ್ಸ್ ಬೆಳ್ಳಿ ಗೆದ್ದರೆ ಊರೆಲ್ಲ ಸಿಹಿ ಹಂಚಬೇಕು. ಇಲ್ಲಿ ಆದದ್ದೇ ಬೇರೆ. ಸಮತೋಲನಕ್ಕಾಗಿ ಹಲಗೆ ಹಿಡಿದೆ ಎಂದು ಆಕೆ ಮೊದಲು ಹೇಳಿದಳು. ಆಮೇಲೆ, ಖುಷಿಯಾಗಿತ್ತು, ಆ ಖುಷಿಯನ್ನು ನೋಡುವವರ ಜತೆ ಹಂಚಿಕೊಳ್ಳಬೇಕೆನಿಸಿತ್ತು ಎಂದು ಒಪ್ಪಿಕೊಂಡಳು. ಅಷ್ಟು ಸಾಕಾಯಿತು. ಜಂಬದ ಫಲ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ದೇಶದ ಚಿನ್ನವನ್ನು ಆಟಕ್ಕೆ ಕಳೆದಳು — ಹೀಗೆ ತಲೆಗೊಂದು ಮಾತು. ಟಿ.ವಿ.ಯಲ್ಲಿ ಆ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರು. ಸ್ನೋಬೋರ್ಡ್ ಎಂದರೇನೆಂದು ಗೊತ್ತಿಲ್ಲದವರಿಗೂ ಆಕೆ ಬಿದ್ದದ್ದು ಗೊತ್ತಾಯಿತು. ಆಕೆಯ ವೇಗ ಗೊತ್ತಾಗಲಿಲ್ಲ.

ಹಾಗೆ ನೋಡಿದರೆ ಮೂದಲಿಸಿದವರ ಮಾತಿನಲ್ಲೂ ಸತ್ಯವಿತ್ತು. ಓಟ ಮುಗಿಯುವ ಮುನ್ನ ಸಂಭ್ರಮಿಸಬಾರದು ಎಂಬುದು ಎಲ್ಲ ಆಟದ ಮೊದಲ ಪಾಠ. ಆದರೆ ಅದೇ ಹುಡುಗಿ ಆ ಭಂಗಿಯಿಂದ ಸರಿಯಾಗಿ ಇಳಿದಿದ್ದರೆ? ಅದೇ ಪತ್ರಿಕೆಗಳು ಆ ಚಿತ್ರವನ್ನೇ ಮುಖಪುಟಕ್ಕೆ ಹಾಕುತ್ತಿದ್ದವು. ಯೌವನದ ಉತ್ಸಾಹ ಎಂದು ಬರೆಯುತ್ತಿದ್ದವು. ಉತ್ಸಾಹಕ್ಕೂ ಜಂಬಕ್ಕೂ ನಡುವೆ ಇದ್ದದ್ದು ಹಲಗೆ ಇಳಿದ ಕೋನವೊಂದೇ. ಮನುಷ್ಯರನ್ನು ಅಳೆಯಲು ಅದು ಅಷ್ಟು ನಂಬಬಹುದಾದ ಮಾಪಕವಲ್ಲ.

ಸೋತವರ ಓಟ

ಇಂಥ ಹೊಡೆತ ತಿಂದವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಆಟ ಬಿಡುತ್ತಾರೆ, ಇಲ್ಲವೆ ಆಟವನ್ನು ಹಗೆಯಂತೆ ಆಡುತ್ತಾರೆ. ಲಿಂಡ್ಸೆ ಎರಡನ್ನೂ ಮಾಡಲಿಲ್ಲ. ಮರುವರ್ಷ, 2007ರ ಜನವರಿಯಲ್ಲಿ ಸ್ವಿಟ್ಜರ್ಲೆಂಡ್‌ನ ಅರೋಸಾದಲ್ಲಿ, ಅಂದರೆ ಫ್ರೀಡನ್‌ಳ ತವರಿನಲ್ಲೇ, ಎರಡನೆಯ ಸಲ ವಿಶ್ವ ಚಾಂಪಿಯನ್ ಆದಳು. 2008ರಿಂದ 2011ರವರೆಗೆ ಎಕ್ಸ್ ಗೇಮ್ಸ್‌ನಲ್ಲಿ ಸಾಲಾಗಿ ನಾಲ್ಕು ಚಿನ್ನ. ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಟಿ.ವಿ. ಹಾಕುವವರಿಗೆ ಇದಾವುದೂ ಕಾಣಲಿಲ್ಲ.

2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್‌ವರೆಗೆ ಬಂದಳು. ಒಂದು ನೆಗೆತದ ನಂತರ ನಿಲುವು ತಪ್ಪಿ, ದಾರಿಯ ಗುರುತಿನ ಕಂಬದ ಆಚೆಗೆ ಹೋದಳು. ಅಲ್ಲಿಗೆ ಪದಕದ ಆಸೆ ಮುಗಿಯಿತು. ಆ ಸಲ ಚಿನ್ನ ಗೆದ್ದವಳು ಯಾರು ಗೊತ್ತೆ? 2006ರ ಫೈನಲ್‌ನಲ್ಲಿ ತಲೆಗೆ ಪೆಟ್ಟು ಮಾಡಿಕೊಂಡು ಹೊರಬಿದ್ದಿದ್ದ ಮಾಯೆಲ್ ರಿಕರ್. ಬೆಟ್ಟ ಯಾರಿಗೆ ಯಾವಾಗ ಏನು ಕೊಡುತ್ತದೆಂದು ಹೇಳುವಂತಿಲ್ಲ.

2012ರ ಜನವರಿಯಲ್ಲಿ ಇನ್ನೊಂದು ಹೊಡೆತ. ಅಭ್ಯಾಸದಲ್ಲಿ ಬಿದ್ದು ಎಡಮೊಣಕಾಲಿನ ಮುಖ್ಯ ಅಸ್ಥಿರಜ್ಜು ಹರಿಯಿತು. ತೊಡೆಯ ಮೂಳೆಯನ್ನೂ ಮುಂಗಾಲಿನ ಮೂಳೆಯನ್ನೂ ಒಳಗಿನಿಂದ ಕಟ್ಟಿಡುವ ಹುರಿ ಅದು. ಅದಿಲ್ಲದೆ ನಡೆಯಬಹುದು, ನೆಗೆದು ಇಳಿಯಲಾಗದು. ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ವ್ಯಾಯಾಮ, ಮತ್ತೆ ಮೊದಲಿನಿಂದ ಶುರು. 2014ರ ಜನವರಿಯಲ್ಲಿ ಎಕ್ಸ್ ಗೇಮ್ಸ್ ಚಿನ್ನ ಗೆದ್ದು ಸೋಚಿ ಒಲಿಂಪಿಕ್ಸ್‌ಗೆ ಹೋದಳು. ಸೆಮಿಫೈನಲ್‌ನಲ್ಲಿ ಎಲ್ಲರಿಗಿಂತ ಮುಂದಿದ್ದಳು. ಕೆಳಗಿನ ದಿಬ್ಬಗಳ ಹತ್ತಿರ ಬಿದ್ದಳು. ಈ ಸಲ ಯಾವ ಚಮತ್ಕಾರವೂ ಇರಲಿಲ್ಲ, ಸುಮ್ಮನೆ ಬಿದ್ದಳು. ಆದರೂ ಹಳೆಯ ದೃಶ್ಯವನ್ನು ಮತ್ತೆ ಹೊರತೆಗೆದರು. ದೊಡ್ಡ ವೇದಿಕೆಯಲ್ಲಿ ಈಕೆಗೆ ಆಗುವುದಿಲ್ಲ ಎಂದು ತೀರ್ಪಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪದಕಪಟ್ಟಿ ನೋಡುವವರ ಕಣ್ಣಿಗೆ ಬೀಳುವುದಲ್ಲ. ಸೆಮಿಫೈನಲ್‌ನಲ್ಲಿ ಸೋತವರಿಗೆಂದು ಇನ್ನೊಂದು ಓಟ ಇರುತ್ತದೆ. ಅದರಲ್ಲಿ ಗೆದ್ದರೆ ಪದಕವಿಲ್ಲ, ಯಾರ ಚಪ್ಪಾಳೆಯೂ ಇಲ್ಲ; ಪಟ್ಟಿಯಲ್ಲಿ ಒಂದು ಸ್ಥಾನ ಅಷ್ಟೆ. ವ್ಯಾಂಕೂವರ್‌ನಲ್ಲಿ ನಾಲ್ವರು ಓಡುವ ಕ್ರಮವಿತ್ತು. ಸೋತವರ ಓಟದ ಮೊದಲಿಗಳಿಗೆ ಐದನೆಯ ಸ್ಥಾನ. ಲಿಂಡ್ಸೆಗೆ ಸಿಕ್ಕಿದ್ದು ಐದನೆಯ ಸ್ಥಾನ. ಸೋಚಿಯಲ್ಲಿ ಆರು ಜನ ಓಡುವ ಕ್ರಮ. ಅಲ್ಲಿ ಮೊದಲಿಗಳಿಗೆ ಏಳನೆಯ ಸ್ಥಾನ. ಲಿಂಡ್ಸೆಗೆ ಸಿಕ್ಕಿದ್ದು ಏಳನೆಯ ಸ್ಥಾನ. ಎಂದರೆ ಎರಡು ಸಲವೂ, ಎಲ್ಲ ಕಳೆದುಕೊಂಡ ಅದೇ ದಿನ, ಮತ್ತೆ ಬೆಟ್ಟ ಹತ್ತಿ, ಏನೂ ಸಿಗದ ಓಟವನ್ನು ಓಡಿ, ಎಲ್ಲರಿಗಿಂತ ಮುಂದೆ ಬಂದಳು. ಜಂಬದವರು ಮಾಡುವ ಕೆಲಸವಲ್ಲ ಅದು.

ಪ್ರತಿ ಒಲಿಂಪಿಕ್ಸ್ ಸೋಲಿನ ಮರುವರ್ಷ ಆಕೆ ವಿಶ್ವ ಚಾಂಪಿಯನ್ ಆಗಿದ್ದಾಳೆ: 2006ರ ನಂತರ 2007, 2010ರ ನಂತರ 2011, 2014ರ ನಂತರ 2015. ಸಾಲದೆಂಬಂತೆ 2017ರಲ್ಲಿ ಇನ್ನೊಮ್ಮೆ. ಈ ನಡುವೆ ಮನಸ್ಸಿನ ತರಬೇತಿಗೂ ಒಬ್ಬರ ನೆರವು ಪಡೆದಳು. ಮೊಣಕಾಲು ಹರಿದರೆ ವೈದ್ಯರ ಹತ್ತಿರ ಹೋಗಲು ಯಾರೂ ನಾಚುವುದಿಲ್ಲ. ಮನಸ್ಸಿನ ವಿಷಯಕ್ಕೆ ಬಂದಾಗ ಮಾತ್ರ ಹಿಂಜರಿಯುತ್ತಾರೆ. ಆಕೆ ಹಿಂಜರಿಯಲಿಲ್ಲ, ಮುಚ್ಚಿಡಲೂ ಇಲ್ಲ.

2018ರ ಫೆಬ್ರುವರಿ, ದಕ್ಷಿಣ ಕೊರಿಯಾದ ಪ್ಯೋಂಗ್‌ಚಾಂಗ್. ಹನ್ನೆರಡು ವರ್ಷದ ನಂತರ ಮತ್ತೆ ಒಲಿಂಪಿಕ್ಸ್ ಫೈನಲ್. ಸ್ವಲ್ಪ ದೂರ ಮುಂದೆಯೂ ಇದ್ದಳು. ಕೊನೆಗೆ ಇಟಲಿಯ ಮಿಕೇಲಾ ಮೊಯೋಲಿಗೆ ಚಿನ್ನ; ಲಿಂಡ್ಸೆಗೆ ನಾಲ್ಕನೆಯ ಸ್ಥಾನ. ಕಂಚಿಗೂ ಆಕೆಗೂ ನಡುವೆ ಇದ್ದದ್ದು ಸೆಕೆಂಡಿನ ಒಂದು ಚೂರು. ಆ ಚೂರಿನ ತೂಕ ಭಾರತೀಯರಿಗೆ ಚೆನ್ನಾಗಿ ಗೊತ್ತು. 1984ರ ಲಾಸ್ ಏಂಜಲಿಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಡಿದ ಪಿ.ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಕಂಚು ತಪ್ಪಿಸಿಕೊಂಡದ್ದನ್ನು ಯಾರು ಮರೆತಾರು?

ಮೂವತ್ತಾರರ ಬೆಳಗು

ಲಿಂಡ್ಸೆ ಮೊದಲ ಒಲಿಂಪಿಕ್ಸ್‌ಗೆ ಹೋದಾಗ ಇಪ್ಪತ್ತು ವರ್ಷ. 2022ರ ಬೀಜಿಂಗ್ ಆಕೆಯ ಐದನೆಯ ಒಲಿಂಪಿಕ್ಸ್. ವಯಸ್ಸು ಮೂವತ್ತಾರು. ಈ ಆಟದಲ್ಲಿ ಅದು ಎಳೆಯ ವಯಸ್ಸೇನಲ್ಲ. ಎದುರಿಗೆ ನಿಂತವರಲ್ಲಿ ಕೆಲವರು, ಆಕೆ ಬಾರ್ಡೊನೇಕಿಯಾದಲ್ಲಿ ಬಿದ್ದಾಗ ಪ್ರಾಥಮಿಕ ಶಾಲೆಯಲ್ಲಿದ್ದವರು.

ಫೆಬ್ರುವರಿ 9ರಂದು ಜಾಂಗ್‌ಜಿಯಾಕೋ ಬೆಟ್ಟಗಳಲ್ಲಿ ಫೈನಲ್. ಮತ್ತೆ ನಾಲ್ವರು ಓಡುವ ಹಳೆಯ ಕ್ರಮ. ಗೇಟು ಬಿದ್ದೊಡನೆ ಲಿಂಡ್ಸೆ ಮುಂದೆ ನುಗ್ಗಿದಳು. ಹಿಂದೆ ಫ್ರಾನ್ಸಿನ ಕ್ಲೋಯಿ ಟ್ರೆಸ್ಪೂ, ಕೆನಡಾದ ಮೆರಿಯೇಟಾ ಓಡೈನ್, ಆಸ್ಟ್ರೇಲಿಯಾದ ಬೆಲ್ ಬ್ರಾಕ್‌ಹಾಫ್. ದಿಬ್ಬ ಏರುವಾಗ ಕಾಲು ಮಡಿಸಿ, ಇಳಿಯುವಾಗ ಒತ್ತಿ, ಮೈ ಮುದುರಿಕೊಂಡು, ನೆಲಕ್ಕೆ ಹತ್ತಿರವಾಗಿಯೇ ಸಾಗಿದಳು. ಕೊನೆಯ ನೆಗೆತಗಳು ಬಂದವು. ಕೈ ಹಲಗೆಯ ಕಡೆಗೆ ಹೋಗಲಿಲ್ಲ. ತಗ್ಗಾಗಿ ದಾಟಿದಳು, ನೇರವಾಗಿ ಇಳಿದಳು, ಗೆರೆ ದಾಟಿದಳು. ಬೀಜಿಂಗ್ ಕೂಟದಲ್ಲಿ ಅಮೆರಿಕಕ್ಕೆ ಅದು ಮೊದಲ ಚಿನ್ನ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಷ್ಟು ವಯಸ್ಸಿಗೆ ಚಿನ್ನ ಗೆದ್ದ ಅಮೆರಿಕದ ಹೆಣ್ಣುಮಗಳು ಅಲ್ಲಿಯವರೆಗೆ ಇನ್ನೊಬ್ಬಳಿರಲಿಲ್ಲ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಆ ವರ್ಷ ಒಬ್ಬ ಗಂಡಸು, ಒಬ್ಬ ಹೆಂಗಸು ಜೋಡಿಯಾಗಿ ಓಡುವ ಹೊಸ ಸ್ಪರ್ಧೆ ಸೇರಿತ್ತು. ಮೊದಲು ಗಂಡಸರ ಓಟ. ಯಾರು ಎಷ್ಟು ಮುಂದೆ ಬಂದರೋ ಅಷ್ಟು ಮುಂಚಿತವಾಗಿ ಅವರ ಜತೆಗಾತಿಯ ಗೇಟು ತೆರೆಯುತ್ತದೆ. ಲಿಂಡ್ಸೆಯ ಜತೆಗಾರ ನಿಕ್ ಬೌಮ್‌ಗಾರ್ಟ್ನರ್. ಮಿಷಿಗನ್ ರಾಜ್ಯದವನು, ವಯಸ್ಸು ನಲವತ್ತು. ಬೇಸಿಗೆಯಲ್ಲಿ ಕಾಂಕ್ರೀಟ್ ಕೆಲಸ ಮಾಡಿ ಹೊಟ್ಟೆ ಹೊರೆಯುವವನು. ಎರಡು ದಿನ ಹಿಂದೆಯಷ್ಟೇ ಪುರುಷರ ಸ್ಪರ್ಧೆಯಲ್ಲಿ ಕ್ವಾರ್ಟರ್ ಫೈನಲ್‌ನಲ್ಲೇ ಸೋತು, ಕಾಲ ಮೀರಿಹೋಯಿತಲ್ಲ ಎಂದು ಕ್ಯಾಮೆರಾದ ಮುಂದೆ ಕಣ್ಣೀರಿಟ್ಟಿದ್ದ.

ಫೆಬ್ರುವರಿ 12ರಂದು ಈ ನಲವತ್ತು ಮೂವತ್ತಾರರ ಜೋಡಿ ಬೆಟ್ಟದ ತುದಿಯಲ್ಲಿ ನಿಂತಿತು. ಫೈನಲ್‌ನಲ್ಲಿ ಬೌಮ್‌ಗಾರ್ಟ್ನರ್ ಎಲ್ಲರಿಗಿಂತ ಮೊದಲು ಗೆರೆ ದಾಟಿ ಲಿಂಡ್ಸೆಗೆ ಕೂದಲೆಳೆಯಷ್ಟು ಮುನ್ನಡೆ ಕೊಟ್ಟ. ಅದನ್ನು ಮುನ್ನಡೆ ಎನ್ನುವುದೂ ಕಷ್ಟ. ಇಟಲಿಯ ಓಮರ್ ವಿಸಿಂಟಿನ್‌ನ ಜತೆಗಾತಿಯಾಗಿ ಬೆನ್ನಟ್ಟಿದವಳು 2018ರ ಚಿನ್ನದ ಒಡತಿ ಮೊಯೋಲಿ. ಲಿಂಡ್ಸೆ ಆಕೆಗಿಂತ ಮೊದಲು ಗೆರೆ ಮುಟ್ಟಿದಳು. ಕೆಳಗೆ ಕಾಯುತ್ತಿದ್ದ ಬೌಮ್‌ಗಾರ್ಟ್ನರ್ ಮಗುವಿನಂತೆ ಕುಣಿದ. ಹದಿನಾರು ವರ್ಷ ಸಿಗದ ಚಿನ್ನ ನಾಲ್ಕು ದಿನದಲ್ಲಿ ಎರಡು ಸಲ ಸಿಕ್ಕಿತ್ತು.

ಹಳೆಯ ತಪ್ಪನ್ನು ತೊಳೆದುಕೊಂಡಳು ಎಂದು ಪತ್ರಿಕೆಗಳು ಬರೆದವು. ಬರೆಯುವವರಿಗೆ ಅದು ಸುಲಭದ ವಾಕ್ಯ. ಲಿಂಡ್ಸೆ ಮಾತ್ರ ಆ ಮಾತನ್ನು ಒಪ್ಪಲಿಲ್ಲ. ಪ್ರಾಯಶ್ಚಿತ್ತಕ್ಕಾಗಿ ಬಂದವಳಲ್ಲ, ಓಡುವುದಕ್ಕೆ ಬಂದವಳು ಎಂಬ ಅರ್ಥದ ಮಾತನ್ನಾಡಿದಳು. ಅಂದು ಚಿನ್ನ ಸಿಕ್ಕಿದ್ದರೆ ಬಹುಶಃ ಆಟವನ್ನೇ ಬಿಡುತ್ತಿದ್ದೆ ಎಂದೂ ಆಕೆ ಹಿಂದೊಮ್ಮೆ ಹೇಳಿದ್ದುಂಟು. ನಿಜವಿರಬಹುದು. ಇಪ್ಪತ್ತಕ್ಕೇ ಎಲ್ಲ ಸಿಕ್ಕಿಬಿಟ್ಟರೆ ಮತ್ತೆ ಬೆಟ್ಟ ಹತ್ತಲು ಕಾರಣವೇನಿರುತ್ತದೆ?

ತೊಳೆದುಕೊಳ್ಳಲು ಅಲ್ಲಿ ಕೊಳೆಯಾದರೂ ಏನಿತ್ತು? ಆಕೆ ಯಾರಿಗೂ ಮೋಸ ಮಾಡಿರಲಿಲ್ಲ, ಯಾರನ್ನೂ ಕೆಡವಿರಲಿಲ್ಲ. ಖುಷಿಯಾಗಿದ್ದಾಗ ಖುಷಿಯಿಂದ ಇದ್ದದ್ದೇ ಆಕೆಯ ಅಪರಾಧ. ಅದರ ಬೆಲೆ ಒಂದು ಪದಕದ ಬಣ್ಣ. ಅದನ್ನು ಅಲ್ಲೇ, ಆ ಕ್ಷಣವೇ ತೆತ್ತಿದ್ದಳು. ಉಳಿದ ಹದಿನಾರು ವರ್ಷ ಬಡ್ಡಿ ವಸೂಲಿ ಮಾಡಿದವರು ನೋಡುಗರು. ಪರೀಕ್ಷೆಯಲ್ಲಿ ಒಮ್ಮೆ ನಪಾಸಾದ ಹುಡುಗನನ್ನು ಓಣಿಯ ಜನ ಮುಂದೆ ಅವನು ಎಷ್ಟು ಓದಿದರೂ ನಪಾಸಾದವನೆಂದೇ ಗುರುತಿಸುವ ಹಾಗೆ. ಒಂದು ಸಲದ ಅಳತೆಯಿಂದ ತೀರ್ಮಾನಕ್ಕೆ ಬರಬಾರದು, ಹಲವು ಸಲ ಅಳೆದು ಸರಾಸರಿ ತೆಗೆಯಬೇಕು ಎಂದು ವಿಜ್ಞಾನ ಹೇಳುತ್ತದೆ. ಪ್ರಯೋಗಾಲಯದ ಲೋಲಕಕ್ಕೆ ತೋರಿಸುವಷ್ಟು ನ್ಯಾಯವನ್ನು ಮನುಷ್ಯರಿಗೆ ತೋರಿಸುವವರು ಕಡಿಮೆ.

ಬೀಜಿಂಗ್‌ನ ಎರಡು ಚಿನ್ನ ಬಾರದೇ ಹೋಗಿದ್ದರೂ ಲಿಂಡ್ಸೆಯ ಬದುಕು ಇಷ್ಟೇ ದೊಡ್ಡದಾಗಿರುತ್ತಿತ್ತು. ನೋಡುಗರಿಗೆ ಅದು ತಿಳಿಯುತ್ತಿರಲಿಲ್ಲ, ಅಷ್ಟೆ. ಸೋತವರ ಓಟಕ್ಕೆಂದು ಎರಡು ಸಲ ಬೆಟ್ಟ ಹತ್ತಿದ ದಿನಗಳಲ್ಲೇ ಆಕೆ ಗೆದ್ದಿದ್ದಳು. ಆಗ ಕ್ಯಾಮೆರಾಗಳು ಬೇರೆಯವರ ಕಡೆಗೆ ತಿರುಗಿದ್ದವು.